ಭೂಗರ್ಭದ ಚಲನೆಯೂ ದಿಕ್ಸೂಚಿಯ ಸೂಜಿಯೂ

(ಬೆಂಗಳೂರು ವಿಜಯನಗರದ ಆರ್‌ಪಿಸಿ ಲೇಔಟಿನಲ್ಲಿ ನಾಗರಿಕರೂ ಉಪಾಧ್ಯಾಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವು ವಿಜ್ಞಾನಕ್ಕೆ ಸೇರಿದುದು; ಮಾತನಾಡಲು ನಿಂತವನು ವಕೀಲ. ಇವೆರಡಕ್ಕೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರು ಶಂಕಿಸುತ್ತಿರಬಹುದು. ಅದಕ್ಕೆ ನನ್ನ ಸಮಾಧಾನ ಇಷ್ಟೆ: ಭೂಮಿಯ ಕಾಂತತ್ವದ ಮೂಲವು ನಮ್ಮ ಕಾಲಕೆಳಗೆ ಸುಮಾರು ೨,೯೦೦ ಕಿಲೋಮೀಟರು ಆಳದಿಂದ ಮೊದಲಾಗುತ್ತದೆ. ಅಲ್ಲಿಗೆ ಹೋಗಿ ಕಣ್ಣಾರೆ ಕಂಡುಬಂದವರು ಯಾರೂ ಇಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ನಮ್ಮ ಕಾರ್ಮಿಕರು ಪ್ರಾಣವನ್ನು ಪಣವಾಗಿಟ್ಟು ಇಳಿದುದು ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು ಆಳಕ್ಕೆ. ೨೦೦೧ರಲ್ಲಿ ಆ ಗಣಿಗಳೂ ಮುಚ್ಚಿದವು. ರಷ್ಯದ ಕೋಲಾ ಎಂಬಲ್ಲಿ ಶಾಸ್ತ್ರಶೋಧನೆಗಾಗಿಯೇ ಕೊರೆದ ರಂಧ್ರವು ೧೨ ಕಿಲೋಮೀಟರು ಚಿಲ್ಲರೆ ಇಳಿದು ನಿಂತಿತು. ಆದುದರಿಂದ ಇದು ಪ್ರತ್ಯಕ್ಷ ಸಾಕ್ಷಿ ಇಲ್ಲದ ಮೊಕದ್ದಮೆ. ಇಂಥ ಕಡೆಯಲ್ಲಿ ಸಾಂದರ್ಭಿಕ ಸಾಕ್ಷ್ಯದ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವ ಕೊಂಡಿಯೂ ಸಡಿಲವಿಲ್ಲವೆಂದು ಕಂಡ ಮೇಲೆಯೇ ತೀರ್ಪು ಹೇಳಬೇಕು. ಆ ಕೆಲಸವು ನಮ್ಮ ವೃತ್ತಿಗೆ ಹೊಸತಲ್ಲ.

ಶಾಲೆಯ ಪುಸ್ತಕಗಳಲ್ಲಿ ಒಂದು ಚಿತ್ರವಿರುತ್ತದೆ. ದುಂಡಗಿನ ಭೂಮಿ, ಅದರ ಹೊಟ್ಟೆಯೊಳಗೆ ಉದ್ದವಾದ ಸೂಜಿಗಲ್ಲಿನ ಪಟ್ಟಿ, ಅದರ ಒಂದು ತುದಿಯಿಂದ ಹೊರಟು ಬಾಗಿ ಇನ್ನೊಂದು ತುದಿಯನ್ನು ಸೇರುವ ಗೆರೆಗಳು. ಗೆರೆಗಳ ಆಕಾರವನ್ನು ತಿಳಿಸುವುದಕ್ಕೆ ಆ ಚಿತ್ರವು ಒದಗುತ್ತದೆ, ನಿಜ. ಆದರೆ ಗೆರೆಗಳು ಮರೆತುಹೋಗಿ ಪಟ್ಟಿಯೊಂದೇ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ದೊಡ್ಡವರಾದ ಮೇಲೂ ಎಷ್ಟೋ ಮಂದಿ ವಿದ್ಯಾವಂತರು ಭೂಮಿಯ ನಡುವೆ ಸ್ಥಿರವಾದ ಸೂಜಿಗಲ್ಲೊಂದು ಹುದುಗಿದೆಯೆಂದೇ ನಂಬಿರುತ್ತಾರೆ. ನಾನು ಇಂದು ಸ್ಥಾಪಿಸಬೇಕೆಂದಿರುವ ಮಾತು ಒಂದೇ. ಅಲ್ಲಿ ಅಂಥ ಕಲ್ಲಿಲ್ಲ. ಕರಗಿದ ಕಬ್ಬಿಣದ ಸಮುದ್ರವೊಂದು ಎಡೆಬಿಡದೆ ಹರಿಯುತ್ತಿರುವುದರಿಂದಲೇ ಭೂಮಿಗೆ ಕಾಂತತ್ವವುಂಟು. ಆ ಹರಿವು ನಿಂತರೆ ಕಾಂತತ್ವವೂ ಕ್ರಮೇಣ ಅಳಿಯುವುದು.

ಮೊದಲನೆಯ ಪ್ರಶ್ನೆ: ದಿಕ್ಸೂಚಿಯ ಸೂಜಿಯನ್ನು ಎಳೆಯುವ ಶಕ್ತಿಯು ಭೂಮಿಯ ಒಳಗಿದೆಯೆ, ಹೊರಗಿದೆಯೆ? ಹಿಂದಿನ ನಾವಿಕರಲ್ಲಿ ಕೆಲವರು ಧ್ರುವನಕ್ಷತ್ರವೇ ಸೂಜಿಯನ್ನು ಸೆಳೆಯುತ್ತದೆಂದು ತಿಳಿದಿದ್ದರು. ೧೬೦೦ರಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು ಸೂಜಿಗಲ್ಲನ್ನು ಚೆಂಡಿನಂತೆ ಕಡೆದು, ಅದರ ಮೇಲೆ ಸಣ್ಣ ಸೂಜಿಗಳನ್ನು ಇಟ್ಟು ನೋಡಿ, ಭೂಮಿಯೇ ಒಂದು ದೊಡ್ಡ ಸೂಜಿಗಲ್ಲೆಂದು ಸಾರಿದನು. ೧೮೩೯ರಲ್ಲಿ ಜರ್ಮನಿಯ ಗಣಿತಜ್ಞ ಗೌಸನು ಲೋಕದ ನಾನಾ ಕಡೆಗಳಿಂದ ಬಂದ ಅಳತೆಗಳನ್ನು ಲೆಕ್ಕಕ್ಕೆ ಹಾಕಿ, ಈ ಶಕ್ತಿಯ ಬಹುಭಾಗವು ಒಳಗಿನಿಂದಲೇ ಬರುತ್ತದೆಂದು ಸಿದ್ಧಾಂತಪಡಿಸಿದನು.

ಹೊರಗಿನಿಂದ ಬರುವ ಅಲ್ಪ ಭಾಗಕ್ಕೆ ಸೂರ್ಯನು ಕಾರಣ. ಸೂರ್ಯನಿಂದ ವಿದ್ಯುತ್ಕಣಗಳ ಮಾರುತವೊಂದು ಸದಾ ಬೀಸುತ್ತಿದ್ದು, ಭೂಮಿಯ ಕಾಂತಕ್ಷೇತ್ರವನ್ನು ತಾಕಿ ಅಲುಗಿಸುತ್ತದೆ. ೧೮೫೯ರ ಸೆಪ್ಟೆಂಬರಿನಲ್ಲಿ ಎದ್ದ ಮಹಾ ಸೌರ ಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಸೂಜಿಗಳು ದಾಖಲೆಮಾಡಿವೆ. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ನಮ್ಮ ಉಡುಪಿ ರಾಮಚಂದ್ರ ರಾಯರು, ಮುಂದೆ ಭಾರತದ ಉಪಗ್ರಹಗಳ ಶಿಲ್ಪಿಯೆನಿಸಿದವರು, ತಮ್ಮ ಯೌವನದಲ್ಲಿ ಮ್ಯಾರಿನರ್-೨ ಎಂಬ ನೌಕೆಯ ಅಳತೆಗಳನ್ನು ಪರಿಶೀಲಿಸಿ, ಈ ಸೂರ್ಯಮಾರುತವು ನಿರಂತರವಾದುದೆಂಬುದನ್ನೂ ಭೂಮಿಯ ಕಾಂತತ್ವದ ಮೇಲೆ ಅದರ ಪ್ರಭಾವವನ್ನೂ ತೋರಿಸಿಕೊಟ್ಟರು. ಆದರೆ ಈ ಬಿರುಗಾಳಿಗಳು ಕೆಲವು ದಿನಗಳಲ್ಲಿ ಶಾಂತವಾಗುತ್ತವೆ. ಸೂಜಿಯನ್ನು ವರ್ಷವರ್ಷವೂ ಹಿಡಿದು ನಿಲ್ಲಿಸುವ ಶಕ್ತಿ ಒಳಗಿನದು.

ಒಳಗಿನದೆಂದ ಮೇಲೆ, ಅದು ಸ್ಥಿರವಾದ ಸೂಜಿಗಲ್ಲೇಕಾಗಬಾರದು? ಈ ಪಕ್ಷಕ್ಕೆ ವಿರುದ್ಧವಾಗಿ ಎರಡು ಬಲವಾದ ಆಧಾರಗಳಿವೆ. ಮೊದಲನೆಯದು ಶಾಖ. ಕಾಂತತ್ವ ಪಡೆದ ಕಬ್ಬಿಣವನ್ನು ಕುಲುಮೆಯಲ್ಲಿಟ್ಟು ೭೭೦ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಅದು ತನ್ನ ಕಾಂತತ್ವವನ್ನು ಕಳೆದುಕೊಳ್ಳುತ್ತದೆ. ಭೂಮಿಯೊಳಗೆ ಇಳಿದಂತೆ ಶಾಖವು ಏರುತ್ತದೆಂಬುದನ್ನು ಕೋಲಾರದ ಗಣಿಯಲ್ಲಿ ದುಡಿದವರು ಮೈಯಿಂದಲೇ ಬಲ್ಲರು. ಕೆಲವು ಹತ್ತು ಕಿಲೋಮೀಟರು ಇಳಿಯುವುದರೊಳಗೆ ಆ ಮಿತಿ ದಾಟಿಹೋಗುತ್ತದೆ. ಭೂಮಿಯ ಗರ್ಭದಲ್ಲಿಯಂತೂ ಸಾವಿರಾರು ಡಿಗ್ರಿಗಳ ಉರಿ. ಅಲ್ಲಿ ಯಾವ ಕಬ್ಬಿಣವೂ ಸೂಜಿಗಲ್ಲಾಗಿ ಉಳಿಯಲಾರದು.

ಎರಡನೆಯದು ಬದಲಾವಣೆ. ಲಂಡನ್ನಿನಲ್ಲಿ ಸೂಜಿಯು ನಿಜವಾದ ಉತ್ತರದಿಂದ ಎಷ್ಟು ಓರೆಯಾಗಿ ನಿಲ್ಲುತ್ತದೆಂದು ೧೫೮೦ರಲ್ಲಿ ಅಳೆದಿದ್ದರು. ಅರ್ಧ ಶತಮಾನದ ತರುವಾಯ ಹೆನ್ರಿ ಗೆಲಿಬ್ರಾಂಡನು ಮತ್ತೆ ಅಳೆದು, ಆ ಓರೆಯು ಬಹಳವಾಗಿ ತಗ್ಗಿರುವುದನ್ನು ಕಂಡು ೧೬೩೫ರಲ್ಲಿ ಪ್ರಕಟಿಸಿದನು. ಬೆಟ್ಟಗಳು ಕದಲಲಿಲ್ಲ, ಊರು ಕದಲಲಿಲ್ಲ; ಸೂಜಿ ಮಾತ್ರ ಕದಲಿತು. ಮನುಷ್ಯನ ಒಂದು ಆಯುಷ್ಯದೊಳಗೆ ಇಷ್ಟು ಬದಲಾಗುವ ವಸ್ತುವು ಗಟ್ಟಿಯಾದ ಬಂಡೆಯಾಗಿರಲಾರದು. ಒಳಗೆ ಏನೋ ಹರಿಯುತ್ತಿರಬೇಕು.

ಹರಿಯುವಂಥದು ಒಳಗಿದೆಯೆಂಬುದಕ್ಕೆ ಸಾಕ್ಷಿ ಯಾರು? ಭೂಕಂಪ. ಭೂಮಿ ನಡುಗಿದಾಗ ಎರಡು ಬಗೆಯ ಅಲೆಗಳು ಅದರ ಒಳಗಿನಿಂದ ಹಾಯುತ್ತವೆ. ಒಂದು, ಹಿಂದು ಮುಂದಕ್ಕೆ ಒತ್ತುತ್ತ ಸಾಗುವ ಅಲೆ; ಇದು ಗಟ್ಟಿಯಲ್ಲಿಯೂ ದ್ರವದಲ್ಲಿಯೂ ನಡೆಯಬಲ್ಲುದು. ಇನ್ನೊಂದು, ಹಗ್ಗವನ್ನು ಕೊಡವಿದಂತೆ ಅಡ್ಡಡ್ಡಲಾಗಿ ಅಲುಗುತ್ತ ಸಾಗುವ ಅಲೆ. ಇದು ದ್ರವದಲ್ಲಿ ನಡೆಯಲಾರದು, ಏಕೆಂದರೆ ಅಡ್ಡಲಾಗಿ ಜಗ್ಗಿದರೆ ಮರಳಿ ಎಳೆಯುವ ಬಿಗಿ ನೀರಿನಂಥ ವಸ್ತುವಿಗೆ ಇಲ್ಲ. ಭಾರತದ ಭೂಸರ್ವೇಕ್ಷಣ ಇಲಾಖೆಯಲ್ಲಿ ಕೆಲಸಮಾಡಿದ ಆರ್. ಡಿ. ಓಲ್ಡ್‌ಹ್ಯಾಮನು ೧೮೯೭ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಾಸಮಾಡಿ ಈ ಅಲೆಗಳನ್ನು ಬೇರ್ಪಡಿಸಿ ಗುರುತಿಸಿದನು. ೧೯೦೬ರಲ್ಲಿ ಭೂಮಿಗೆ ಪ್ರತ್ಯೇಕವಾದ ಗರ್ಭವೊಂದಿದೆಯೆಂದು ಹೇಳಿದನು. ಅಡ್ಡ ಅಲೆಗಳು ಆ ಗರ್ಭವನ್ನು ಹಾಯ್ದು ಬರುವುದೇ ಇಲ್ಲವೆಂಬುದು ಖಚಿತವಾಯಿತು. ಗರ್ಭವು ದ್ರವವೆಂದು ಹೆರಾಲ್ಡ್ ಜೆಫ್ರೀಸನು ೧೯೨೬ರಲ್ಲಿ ಸ್ಥಾಪಿಸಿದನು. ಆ ದ್ರವದ ನಡುವೆ ಮತ್ತೊಂದು ಗಟ್ಟಿಯಾದ ಒಳಗರ್ಭವಿದೆಯೆಂಬುದನ್ನು ಡೆನ್ಮಾರ್ಕಿನ ವಿದುಷಿ ಇಂಗೆ ಲೆಹ್ಮನ್ ೧೯೩೬ರಲ್ಲಿ ಕಂಡುಹಿಡಿದಳು.

ಈ ಸಾಕ್ಷ್ಯವನ್ನು ಹುಡುಕಿಕೊಂಡು ನಾವು ಡೆನ್ಮಾರ್ಕಿಗೆ ಹೋಗಬೇಕಾದುದಿಲ್ಲ. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನಲ್ಲಿ ೧೯೬೦ರ ದಶಕದಲ್ಲಿ ಪರಮಾಣು ಶಕ್ತಿ ಇಲಾಖೆಯವರು ಕಂಪನಮಾಪಕಗಳ ಸಾಲೊಂದನ್ನು ನೆಲೆಗೊಳಿಸಿದರು. ದೂರದೇಶಗಳಲ್ಲಿ ನೆಲದೊಳಗೆ ಸಿಡಿಸುವ ಅಣ್ವಸ್ತ್ರಗಳ ಸುಳಿವು ಹಿಡಿಯುವುದು ಅದರ ಮುಖ್ಯೋದ್ದೇಶ. ಪೆರು, ಚಿಲಿ ಮೊದಲಾದ ದೇಶಗಳು ಗೋಲದ ಮೇಲೆ ನಮಗೆ ಬಹುಮಟ್ಟಿಗೆ ಬೆನ್ನ ಹಿಂದಣ ದೇಶಗಳು. ಅಲ್ಲಿ ದೊಡ್ಡ ಭೂಕಂಪವಾದರೆ ಅದರ ಒತ್ತುವ ಅಲೆಯು ಭೂಮಿಯ ಗರ್ಭವನ್ನೇ ತೂರಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಗೌರಿಬಿದನೂರನ್ನು ಮುಟ್ಟುತ್ತದೆ. ಆ ಗರ್ಭವನ್ನು ಅಡ್ಡ ಅಲೆಯಾಗಿಯೇ ಹಾಯ್ದು ಬಂದ ಕಂಪನವು ಮಾತ್ರ ಕಾಣಿಸದು. ಬರಬೇಕಾದವನು ಬಾರದಿರುವುದೂ ಒಂದು ಸಾಕ್ಷ್ಯವೆಂಬುದು ತಮಗೆ ತಿಳಿದ ವಿಷಯವೇ.

ಹೀಗೆ ಲೆಕ್ಕ ಕೂಡಿತು. ಸುಮಾರು ೨,೯೦೦ ಕಿಲೋಮೀಟರಿನವರೆಗೆ ಕಲ್ಲಿನ ಕವಚ; ಅದರೊಳಗೆ ಸುಮಾರು ೨,೨೦೦ ಕಿಲೋಮೀಟರು ದಪ್ಪನಾದ, ಮುಖ್ಯವಾಗಿ ಕಬ್ಬಿಣವೂ ಸ್ವಲ್ಪ ನಿಕಲ್ಲೂ ಇರುವ ದ್ರವಲೋಹದ ಹೊರಗರ್ಭ; ಎಲ್ಲಕ್ಕೂ ನಡುವೆ ೧,೨೨೦ ಕಿಲೋಮೀಟರು ತ್ರಿಜ್ಯದ ಗಟ್ಟಿ ಒಳಗರ್ಭ. ಇನ್ನು ಈ ದ್ರವಲೋಹದ ಹರಿವಿನಿಂದ ಕಾಂತತ್ವವು ಹುಟ್ಟುವ ಬಗೆಯನ್ನು ನೋಡೋಣ.

ಅದಕ್ಕೆ ದೃಷ್ಟಾಂತವಾಗಿ ಶಿವನಸಮುದ್ರವನ್ನು ನೆನೆಯಿರಿ. ೧೯೦೨ರಲ್ಲಿ ಅಲ್ಲಿ ಕಾವೇರಿಯ ನೀರು ಬಿದ್ದು ಚಕ್ರಗಳನ್ನು ತಿರುಗಿಸಿತು. ಚಕ್ರಗಳೊಡನೆ ತಾಮ್ರದ ಸುರುಳಿಗಳೂ ಕಾಂತಗಳೂ ಒಂದರೆದುರು ಒಂದು ಸುತ್ತಿದವು. ಹುಟ್ಟಿದ ವಿದ್ಯುತ್ತು ತಂತಿಗಳಲ್ಲಿ ಹರಿದು ಕೋಲಾರದ ಗಣಿಗಳನ್ನು ಮುಟ್ಟಿತು. ಕಾಂತಕ್ಷೇತ್ರದಲ್ಲಿ ಲೋಹವು ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದನು. ವಿದ್ಯುತ್ತು ಹರಿದೆಡೆಯಲ್ಲಿ ಕಾಂತತ್ವವು ಹುಟ್ಟುತ್ತದೆಂಬುದು ಅದಕ್ಕೂ ಮೊದಲೇ ಗೊತ್ತಿತ್ತು. ಇವೆರಡನ್ನೂ ಕೂಡಿಸಿರಿ. ಮೊದಲು ಅತ್ಯಲ್ಪವಾದ ಕಾಂತಕ್ಷೇತ್ರವೊಂದಿದ್ದರೆ ಸಾಕು. ಅದರಲ್ಲಿ ಲೋಹವು ಚಲಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತು ಕಾಂತಕ್ಷೇತ್ರವನ್ನು ಬಲಪಡಿಸುತ್ತದೆ. ಬಲಗೊಂಡ ಕ್ಷೇತ್ರದಿಂದ ಇನ್ನಷ್ಟು ವಿದ್ಯುತ್ತು. ಬೀಜದಿಂದ ಮರ, ಮರದಿಂದ ಮತ್ತೆ ಬೀಜ. ತನ್ನ ಕಾಂತವನ್ನು ತಾನೇ ಪೋಷಿಸಿಕೊಳ್ಳುವ ಇಂಥ ಯಂತ್ರಕ್ಕೆ ಡೈನಮೊ ಎಂದು ಹೆಸರು. ಭೂಮಿ, ಸೂರ್ಯರ ಒಳಗೂ ಇಂಥದೇ ಕಾರ್ಯ ನಡೆಯುತ್ತಿರಬಹುದೆಂದು ಜೋಸೆಫ್ ಲಾರ್ಮರನು ೧೯೧೯ರಲ್ಲಿ ಸೂಚಿಸಿದನು.

ಶಿವನಸಮುದ್ರದಲ್ಲಿ ಕಾವೇರಿ ಬೀಳುತ್ತದೆ. ಭೂಗರ್ಭದಲ್ಲಿ ಬೀಳುವುದು ಏನು? ಅಲ್ಲಿಯೂ ಒಂದು ಜಲಪಾತವುಂಟು. ಭೂಮಿಯು ಯುಗಯುಗಗಳಿಂದ ಮೆಲ್ಲಗೆ ಆರುತ್ತಿದೆ. ಆರಿದಂತೆಲ್ಲ ದ್ರವದ ಕಬ್ಬಿಣವು ಒಳಗರ್ಭದ ಮೈಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಅದರೊಡನೆ ಬೆರೆತಿದ್ದ ಹಗುರವಾದ ಮೂಲವಸ್ತುಗಳು ದ್ರವದಲ್ಲಿಯೇ ಉಳಿದು ಮೇಲಕ್ಕೇಳುತ್ತವೆ, ಭಾರವಾದುದು ಕೆಳಗಿಳಿಯುತ್ತದೆ. ಇದರೊಡನೆ ಒಳಗಿನ ಶಾಖವೂ ಅನ್ನದ ಎಸರು ಕುದಿಯುವಂತೆ ದ್ರವವನ್ನು ಮೇಲೆ ಕೆಳಗೆ ಹೊರಳಿಸುತ್ತದೆ. ಭಾರವು ಕೆಳಗಿಳಿಯುವುದರಿಂದ ಬಿಡುಗಡೆಯಾಗುವ ಶಕ್ತಿಯೇ ಶಿವನಸಮುದ್ರದಲ್ಲಿ ಚಕ್ರವನ್ನು ತಿರುಗಿಸಿತು. ಭೂಗರ್ಭದಲ್ಲಿ ಲೋಹವನ್ನು ಕಲಕುವುದೂ ಬಹುಪಾಲು ಅದೇ.

ಆದರೆ ಕುದಿತವೊಂದೇ ಇದ್ದಿದ್ದರೆ ಕಾಂತತ್ವವು ಕಲಸುಮೇಲೋಗರವಾಗುತ್ತಿತ್ತು. ಅದಕ್ಕೆ ಕ್ರಮವನ್ನು ಕೊಡುವುದು ಭೂಮಿಯ ದಿನಚರಿಯ ತಿರುಗಾಟ. ತಿರುಗುವ ಗೋಲದೊಳಗೆ ಮೇಲೇಳುವ ದ್ರವವು ನೇರವಾಗಿ ಏರಲಾರದೆ, ತಿರುಪುಮೊಳೆಯಂತೆ ಸುತ್ತುತ್ತ, ಭೂಮಿಯ ಅಕ್ಷಕ್ಕೆ ಸಮಾಂತರವಾದ ಕಂಬಗಳ ರೂಪದಲ್ಲಿ ಸಾಗುತ್ತದೆ. ಕಾಂತರೇಖೆಗಳು ಹರಿಯುವ ಲೋಹಕ್ಕೆ ಬಹುಮಟ್ಟಿಗೆ ಅಂಟಿಕೊಂಡಂತೆ ಇರುವುದರಿಂದ, ಲೋಹವು ಅವನ್ನು ಎಳೆದು, ಹಿಂಜಿ, ಹೊಸೆದು, ಮತ್ತೆ ಮಡಿಸುತ್ತದೆ. ಎಳೆದಷ್ಟೂ ಕ್ಷೇತ್ರವು ಬಲಗೊಳ್ಳುತ್ತದೆ. ಈ ಕಂಬಗಳು ಭೂಮಿಯ ಅಕ್ಷವನ್ನು ಅನುಸರಿಸುವುದರಿಂದಲೇ ನಮ್ಮ ಸೂಜಿಯು ಉತ್ತರ ದಕ್ಷಿಣದ ಸಮೀಪದಲ್ಲಿ ನಿಲ್ಲುತ್ತದೆ. ಹರಿವು ಅಂಕುಡೊಂಕಾಗಿರುವುದರಿಂದ ಸರಿಯಾಗಿ ಉತ್ತರಕ್ಕೇ ನಿಲ್ಲುವುದಿಲ್ಲ.

ಈ ವಾದಕ್ಕೆ ಎದುರುವಾದವೂ ಬಂದಿತು. ಅಕ್ಷದ ಸುತ್ತ ಸಂಪೂರ್ಣವಾಗಿ ಸಮರೂಪವಾದ ಕ್ಷೇತ್ರವನ್ನು ಯಾವ ಹರಿವೂ ಉಳಿಸಿಕೊಳ್ಳಲಾರದೆಂದು ಥಾಮಸ್ ಕೌಲಿಂಗನು ೧೯೩೪ರಲ್ಲಿ ಗಣಿತದಿಂದಲೇ ತೋರಿಸಿದನು. ಕೆಲಕಾಲ ಡೈನಮೊ ಪಕ್ಷವು ಬಿದ್ದುಹೋಯಿತೆಂದೇ ತೋರಿತು. ಆದರೆ ಪ್ರಕೃತಿಯ ಕ್ಷೇತ್ರವು ಅಷ್ಟು ಸಮರೂಪವಾದುದಲ್ಲ. ಕಾಂತಧ್ರುವವೂ ಭೂಗೋಲದ ಧ್ರುವವೂ ಒಂದೆಡೆ ಕೂಡುವುದಿಲ್ಲವೆಂಬುದೇ ಅದಕ್ಕೆ ಪ್ರಮಾಣ. ತಿರುಪಿನ ಹರಿವು ಕ್ಷೇತ್ರವನ್ನು ಉಳಿಸಬಲ್ಲುದೆಂದು ತರುವಾಯದ ವಿದ್ವಾಂಸರು ತೋರಿಸಿದರು. ೧೯೯೫ರಲ್ಲಿ ಗ್ಲಾಟ್ಸ್‌ಮೈಯರ್ ಮತ್ತು ರಾಬರ್ಟ್ಸ್ ಎಂಬವರು ಭೂಗರ್ಭದ ಸಮೀಕರಣಗಳನ್ನು ಮಹಾಗಣಕಯಂತ್ರಕ್ಕೆ ಕೊಟ್ಟು ಸುಮಾರು ೪೦,೦೦೦ ವರ್ಷಗಳ ಚರಿತ್ರೆಯನ್ನು ನಡೆಯಿಸಿ ನೋಡಿದರು. ಕ್ಷೇತ್ರವು ತಾನಾಗಿಯೇ ಉಳಿಯಿತು. ಅಷ್ಟೇ ಅಲ್ಲದೆ ಒಂದು ಬಾರಿ ತಾನಾಗಿಯೇ ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿಕೊಂಡಿತು. ಇಂದು ಬೆಂಗಳೂರಿನ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರದಲ್ಲಿಯೂ ಪ್ರಾಧ್ಯಾಪಕ ಬಿನೋದ್ ಶ್ರೀನಿವಾಸನ್ ಅವರೂ ಅವರ ಶಿಷ್ಯರೂ ತಿರುಗುವ ದ್ರವಲೋಹದ ಇದೇ ಪ್ರಶ್ನೆಗಳನ್ನು ಗಣಿತದಿಂದ ಬಿಡಿಸುತ್ತಿದ್ದಾರೆ. ೨,೯೦೦ ಕಿಲೋಮೀಟರು ಕೆಳಗಣ ಹರಿವಿನ ಲೆಕ್ಕವು ನಮ್ಮ ಬಡಾವಣೆಯಿಂದ ಕೆಲವೇ ಮೈಲಿ ದೂರದಲ್ಲಿ ನಡೆಯುತ್ತಿದೆಯೆಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು.

ಆ ಹರಿವಿನ ವೇಗವೆಷ್ಟು? ನೆಲದ ಮೇಲಿನ ವೀಕ್ಷಣಾಲಯಗಳೂ, ಯುರೋಪಿನವರು ೨೦೧೩ರಲ್ಲಿ ಹಾರಿಸಿದ ಸ್ವಾರ್ಮ್ ಎಂಬ ಮೂರು ಉಪಗ್ರಹಗಳೂ ಕ್ಷೇತ್ರದ ಬದಲಾವಣೆಯನ್ನು ಅಳೆಯುತ್ತಿವೆ. ನೀರಿನ ಮೇಲೆ ತೇಲುವ ಎಲೆಯನ್ನು ನೋಡಿ ಹೊಳೆಯ ವೇಗವನ್ನು ತಿಳಿಯುವಂತೆ, ಕ್ಷೇತ್ರದ ಸರಿದಾಟದಿಂದ ದ್ರವದ ವೇಗವನ್ನು ಎಣಿಸುತ್ತಾರೆ. ಅದು ವರ್ಷಕ್ಕೆ ಹತ್ತಿಪ್ಪತ್ತು ಕಿಲೋಮೀಟರು, ಎಂದರೆ ಗಂಟೆಗೆ ಒಂದೆರಡು ಮೀಟರು. ಬಸವನಹುಳುವಿನ ನಡೆಗೂ ಮಂದ. ಆದರೂ ಆ ಮಂದಗತಿಯ ಪರಿಣಾಮವನ್ನು ನೋಡಿರಿ. ಜೇಮ್ಸ್ ರಾಸನು ೧೮೩೧ರಲ್ಲಿ ಕೆನಡದ ಉತ್ತರದಲ್ಲಿ ಕಂಡ ಕಾಂತಧ್ರುವವು ಈಗ ಆರ್ಕ್‌ಟಿಕ್ ಸಮುದ್ರವನ್ನು ಹಾಯ್ದು ಸೈಬೀರಿಯದ ಕಡೆಗೆ ಸರಿದಿದೆ. ಈ ಶತಮಾನದ ಮೊದಲಿನಲ್ಲಿ ಅದು ವರ್ಷಕ್ಕೆ ಐವತ್ತು ಕಿಲೋಮೀಟರಿಗೂ ಮಿಕ್ಕು ಓಡುತ್ತಿತ್ತು. ಕೆನಡದ ಕೆಳಗೂ ಸೈಬೀರಿಯದ ಕೆಳಗೂ ಭೂಗರ್ಭದ ಅಂಚಿನಲ್ಲಿ ಪ್ರಬಲವಾದ ಎರಡು ಕಾಂತಪ್ರದೇಶಗಳಿವೆ. ಕೆಳಗಣ ಹರಿವು ಬದಲಾಗಿ ಕೆನಡದ್ದು ಕುಗ್ಗಿದ್ದರಿಂದ ಧ್ರುವವು ಸೈಬೀರಿಯದತ್ತ ವಾಲಿತೆಂದು ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯು ವಿವರಿಸುತ್ತದೆ.

ಇಂಥ ಸೂಕ್ಷ್ಮವಾದ ಅಳತೆಗೆ ಪಟ್ಟಣವು ಶತ್ರು. ೧೮೪೧ರಿಂದ ಅಳತೆ ನಡೆಯುತ್ತಿದ್ದ ಕೊಲಾಬಾ ವೀಕ್ಷಣಾಲಯವನ್ನು, ಮುಂಬಯಿಯಲ್ಲಿ ಟ್ರಾಮ್ ಗಾಡಿಗಳನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆ ಬಂದುದರಿಂದ, ೧೯೦೪ರ ವೇಳೆಗೆ ಅಲಿಬಾಗಿಗೆ ಸಾಗಿಸಬೇಕಾಯಿತು. ನಮ್ಮ ವಿಜಯನಗರ, ಅತ್ತಿಗುಪ್ಪೆಗಳ ಮೇಲೆ ಹಾಯುವ ಮೆಟ್ರೋ ರೈಲು ಸಹ ವಿದ್ಯುತ್ತಿನಿಂದ ಓಡುವಂಥದು. ಅದರ ಮಗ್ಗುಲಲ್ಲಿ ಸೂಕ್ಷ್ಮವಾದ ಸೂಜಿಯನ್ನಿಟ್ಟರೆ ರೈಲಿನ ಕಥೆಯೇ ಭೂಗರ್ಭದ ಕಥೆಯನ್ನು ಮುಚ್ಚಿಬಿಟ್ಟೀತು.

ಇಲ್ಲಿಯವರೆಗೆ ಇಂದಿನ ಸಾಕ್ಷ್ಯವಾಯಿತು. ಪೂರ್ವಕಾಲದ ಸಾಕ್ಷ್ಯವು ನಮ್ಮ ಕಲ್ಲುಗಳಲ್ಲಿದೆ. ಕರಗಿದ ಶಿಲಾರಸವು ಆರುವಾಗ ಅದರಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ೫೮೦ ಡಿಗ್ರಿಗಿಂತ ಕೆಳಗಿಳಿಯುತ್ತಲೆ ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದುಬಿಡುತ್ತವೆ. ಶಾಸನದಲ್ಲಿ ಅಕ್ಷರ ಕೊರೆದಂತೆ ಆ ದಿಕ್ಕು ಕಲ್ಲಿನಲ್ಲಿ ಉಳಿಯುತ್ತದೆ.

ಬೆಂಗಳೂರಿನ ಸುತ್ತಮುತ್ತ ಬೂದುಬಣ್ಣದ ಹಳೆಯ ಬಂಡೆಯನ್ನು ಸೀಳಿಕೊಂಡು ಪೂರ್ವ ಪಶ್ಚಿಮವಾಗಿ ಹರಿದ ಕರಿಕಲ್ಲಿನ ಗೋಡೆಗಳನ್ನು ತಾವು ನೋಡಿರಬಹುದು. ಭೂವಿಜ್ಞಾನಿಗಳು ಇವನ್ನು ಡೈಕ್ ಎನ್ನುತ್ತಾರೆ. ಬಂಡೆಯ ಬಿರುಕುಗಳಲ್ಲಿ ಶಿಲಾರಸವು ನುಗ್ಗಿ ಆರಿ ಇವು ಆದವು. ಇವುಗಳ ವಯಸ್ಸು ಸುಮಾರು ೨೩೭ ಕೋಟಿ ವರ್ಷ. ಇಂದು ಬೆಂಗಳೂರಿನಲ್ಲಿ ಸ್ವತಂತ್ರವಾಗಿ ತೂಗಬಿಟ್ಟ ಸೂಜಿಯ ಉತ್ತರದ ತುದಿಯು ನೆಲದ ಕಡೆಗೆ ಹದಿನೈದು ಡಿಗ್ರಿಯೊಳಗೆ ಬಾಗುತ್ತದೆ, ಏಕೆಂದರೆ ಕಾಂತ ಸಮಭಾಜಕವು ನಮ್ಮ ದಕ್ಷಿಣಕ್ಕೆ ಸಮೀಪದಲ್ಲಿಯೇ ಇದೆ. ಆ ಕರಿಕಲ್ಲುಗಳಲ್ಲಿ ಉಳಿದಿರುವ ಹಳೆಯ ದಿಕ್ಕಾದರೋ ಬಹು ಕಡಿದಾದುದು. ಎಂದರೆ ಅವು ಆರಿದಾಗ ಈ ನೆಲವು ಧ್ರುವಕ್ಕೆ ಸಮೀಪದ ಅಕ್ಷಾಂಶದಲ್ಲಿತ್ತು. ಅಂದೂ ಭೂಗರ್ಭದ ಡೈನಮೊ ನಡೆಯುತ್ತಿತ್ತು. 

ಉತ್ತರ ಕರ್ನಾಟಕದ ಕಡೆಗೆ ಬನ್ನಿರಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರುಗಳ ಕರಿಗಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ದಖ್ಖನಿನ ಲಾವಾರಸದ ಭಾಗ. ಒಂದರ ಮೇಲೊಂದು ಪೇರಿದ ಆ ಲಾವಾ ಪದರಗಳ ಬಹುಭಾಗವು ಇಂದಿನದಕ್ಕೆ ತಲೆಕೆಳಗಾದ ದಿಕ್ಕನ್ನು ತೋರುತ್ತದೆ. ಮತ್ತೆ ಕೆಲವು ಪದರಗಳು ಇಂದಿನ ಕ್ರಮವನ್ನೇ ತೋರುತ್ತವೆ. ಅಂದು ದಿಕ್ಸೂಚಿಯಿದ್ದಿದ್ದರೆ ಅದರ ಉತ್ತರದ ತುದಿಯು ಒಂದು ಕಾಲದಲ್ಲಿ ದಕ್ಷಿಣಕ್ಕೂ ಇನ್ನೊಂದು ಕಾಲದಲ್ಲಿ ಉತ್ತರಕ್ಕೂ ನಿಲ್ಲುತ್ತಿತ್ತು. ಕರಾವಳಿಯಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಸುಮಾರು ೯ ಕೋಟಿ ವರ್ಷ ಹಿಂದಿನವು. ಅವು ಆರಿದ ಯುಗದಲ್ಲಿ ಭೂಮಿಯ ಕಾಂತಧ್ರುವಗಳು ಸುಮಾರು ನಾಲ್ಕು ಕೋಟಿ ವರ್ಷಗಳವರೆಗೆ ಒಮ್ಮೆಯೂ ಅದಲುಬದಲಾಗಲಿಲ್ಲ.

ಈ ಧ್ರುವಪಲ್ಲಟವೇ ಸ್ಥಿರವಾದ ಸೂಜಿಗಲ್ಲಿನ ವಾದಕ್ಕೆ ಕೊನೆಯ ಪೆಟ್ಟು. ಹುದುಗಿಸಿಟ್ಟ ಕಲ್ಲು ತಾನಾಗಿ ತಲೆಕೆಳಗಾಗದು. ಹರಿಯುವ ದ್ರವಕ್ಕಾದರೆ ಉತ್ತರವೂ ಒಂದೇ, ದಕ್ಷಿಣವೂ ಒಂದೇ. ಅದರ ನಿಯಮಗಳು ಎರಡು ದಿಕ್ಕನ್ನೂ ಸಮನಾಗಿ ಒಪ್ಪುತ್ತವೆ. ಹರಿವಿನ ತೊಡಕಿನಲ್ಲಿ ಕ್ಷೇತ್ರವು ಕುಗ್ಗಿ, ಮತ್ತೆ ಬೆಳೆಯುವಾಗ ಯಾವ ದಿಕ್ಕನ್ನಾದರೂ ಹಿಡಿಯಬಹುದು.

ಇದನ್ನು ಕೇಳಿ ಅಂಜಬೇಕಾದುದಿಲ್ಲ. ಕಡೆಯ ಪಲ್ಲಟವು ಸುಮಾರು ೭ ಲಕ್ಷ ೭೦ ಸಾವಿರ ವರ್ಷಗಳ ಹಿಂದೆ ಆಯಿತು. ಪಲ್ಲಟವೊಂದು ಮುಗಿಯಲು ಸಾವಿರಾರು ವರ್ಷಗಳು ಹಿಡಿಯುತ್ತವೆ. ಮಾನವನ ಪೂರ್ವಜರು ಅವನ್ನು ದಾಟಿಯೇ ಬಂದಿದ್ದಾರೆ. ಗೌಸನ ಕಾಲದಿಂದ ಈಚೆಗೆ ಕ್ಷೇತ್ರದ ಬಲವು ಹತ್ತರಲ್ಲಿ ಒಂದಂಶದಷ್ಟು ತಗ್ಗಿರುವುದು ನಿಜ. ಅಷ್ಟರಿಂದಲೇ ನಾಳೆ ಪ್ರಳಯವೆಂದು ಸಾರುವವರ ಮಾತಿಗೆ ಆಧಾರವಿಲ್ಲ. ಅಂಜಬೇಕಾದುದು ಚಲನೆ ನಿಂತರೆ ಮಾತ್ರ. ಹರಿವು ನಿಂತ ಮೇಲೆ ಕ್ಷೇತ್ರವು ಕೆಲವು ಹತ್ತು ಸಾವಿರ ವರ್ಷಗಳಲ್ಲಿ ನಂದಿಹೋಗುವುದೆಂದು ಲೆಕ್ಕವಿದೆ. ಮಂಗಳಗ್ರಹದಲ್ಲಿ ಹಾಗೆಯೇ ಆಯಿತು. ಅಲ್ಲಿಯ ಹಳೆಯ ಬಂಡೆಗಳಲ್ಲಿ ಕಾಂತತ್ವದ ನೆನಪು ಮಾತ್ರ ಉಳಿದಿದೆ. ನಮ್ಮ ಭೂಮಿಯ ಕಲ್ಲುಗಳಾದರೆ ೩೪೦ ಕೋಟಿ ವರ್ಷಗಳ ಹಿಂದೆಯೇ ಕ್ಷೇತ್ರವಿತ್ತೆಂದು ಸಾರುತ್ತವೆ. ನಮ್ಮ ಡೈನಮೊ ಅಂದಿನಿಂದ ಇಂದಿನವರೆಗೂ ದುಡಿಯುತ್ತಿದೆ.

ಮಹನೀಯರೆ, ತೀರ್ಪು ತಮಗೆ ಬಿಟ್ಟದ್ದು. ನಾನು ಕೇಳಿಕೊಳ್ಳುವುದು ಮೂರು ಸಂಗತಿ.

ಒಂದನೆಯದು, ಕಾಂತತ್ವದ ಹೆಸರಿನಲ್ಲಿ ಸುಳ್ಳು ಸಾಕ್ಷಿ ಹೇಳಿಸುವುದನ್ನು ಬಿಡೋಣ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬುದು ನಮ್ಮ ಮನೆಗಳ ಪದ್ಧತಿ. ಪಾಲಿಸುವವರು ಪಾಲಿಸಲಿ, ಅದು ಅವರವರ ಶ್ರದ್ಧೆ. ಆದರೆ ರಕ್ತದಲ್ಲಿ ಕಬ್ಬಿಣವಿದೆ, ಭೂಮಿಯ ಕಾಂತವು ಅದನ್ನು ಮಿದುಳಿಗೆ ಎಳೆಯುತ್ತದೆ ಎಂದು ಅದಕ್ಕೆ ವಿಜ್ಞಾನದ ವೇಷ ಹಾಕುವುದು ಸಲ್ಲದು. ಆಸ್ಪತ್ರೆಯ ಎಂ.ಆರ್.ಐ. ಯಂತ್ರದೊಳಗೆ ಭೂಮಿಯದಕ್ಕಿಂತ ಮೂವತ್ತು ಸಾವಿರ ಮಡಿಗೂ ಮಿಗಿಲಾದ ಕ್ಷೇತ್ರವಿರುತ್ತದೆ. ರೋಗಿಗಳು ಅದರಲ್ಲಿ ಮಲಗಿ ಎದ್ದು ಬರುತ್ತಾರೆ; ಅವರ ರಕ್ತವು ಎತ್ತಲೂ ಓಡಿಹೋಗುವುದಿಲ್ಲ. ರಕ್ತದಲ್ಲಿರುವ ಕಬ್ಬಿಣವು ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ.

ಎರಡನೆಯದು, ಸಾಕ್ಷಿಯನ್ನು ಕಾಪಾಡೋಣ. ಕನಕಪುರ, ಚಾಮರಾಜನಗರಗಳ ಕಡೆಯ ಇಂಥ ಕರಿಕಲ್ಲಿನ ಡೈಕುಗಳೇ ಕಪ್ಪು ಗ್ರಾನೈಟೆಂಬ ಹೆಸರಿನಲ್ಲಿ ಕೊಯ್ಯಲ್ಪಟ್ಟು ದೇಶವಿದೇಶಗಳಿಗೆ ಹೋಗುತ್ತವೆ. ಗಣಿಯಿಂದ ಬದುಕುವವರ ಅನ್ನವನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಇದ್ದ ನೆಲೆಯಿಂದ ಕದಲಿಸಿದ ಕಲ್ಲು ದಿಕ್ಕಿನ ಸಾಕ್ಷ್ಯವನ್ನು ಹೇಳಲಾರದು. ವಿಜಯಪುರದ ಗೋಲಗುಮ್ಮಟದ ಕರಿಗಲ್ಲಿನಲ್ಲಿ ಕಾಂತತ್ವವೇನೋ ಇದೆ. ಗಣಿಯಲ್ಲಿ ಅದು ಯಾವ ಕಡೆಗೆ ಮುಖಮಾಡಿತ್ತೆಂದು ಈಗ ಹೇಳುವವರಾರು? ಆದುದರಿಂದಲೇ ಸಂಶೋಧಕನು ತುಂಡನ್ನು ಬಿಡಿಸಿಕೊಳ್ಳುವ ಮೊದಲು ಅದರ ಮೇಲೆ ದಿಕ್ಕಿನ ಗುರುತು ಹಾಕುತ್ತಾನೆ. ಗಣಿಗೆ ಕೊಡುವ ಮುನ್ನ ಅಂಥ ಗುರುತು ಹಾಕಿದ ಮಾದರಿಗಳನ್ನು ತೆಗೆದಿಡಲಿ. ಲಾಲ್‌ಬಾಗಿನ ಹಳೆಯ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಉಳಿಸಿರುವಂತೆ, ಆಯ್ದ ಕೆಲವು ಡೈಕುಗಳನ್ನಾದರೂ ಕೈಮುಟ್ಟದೆ ಉಳಿಸಲಿ. ಒಂದು ಶಾಸನ ಒಡೆದರೆ ಮರುಗುವ ಕನ್ನಡಿಗರು ೨೩೭ ಕೋಟಿ ವರ್ಷದ ಶಾಸನಕ್ಕೆ ಮರುಗದಿದ್ದರೆ ಹೇಗೆ?

ಮೂರನೆಯದು ಉಪಾಧ್ಯಾಯರಿಗೆ. ಮಕ್ಕಳಿಂದ ಒಂದು ಹೊಲಿಗೆಯ ಸೂಜಿ ತರಿಸಿರಿ. ಅದರ ನಡುವಿಗೆ ದಾರ ಕಟ್ಟಿ ಸರಿಯಾಗಿ ಸಮತೂಕವಾಗುವಂತೆ ತೂಗಬಿಡಿರಿ. ಆ ಗಂಟನ್ನು ಕದಲಿಸದೆ, ಸೂಜಿಗಲ್ಲಿನಿಂದ ಅದನ್ನು ಒಂದೇ ದಿಕ್ಕಿಗೆ ಹಲವು ಬಾರಿ ಉಜ್ಜಿ ಮತ್ತೆ ತೂಗಬಿಡಿರಿ. ಅದು ಉತ್ತರ ದಕ್ಷಿಣಕ್ಕೆ ತಿರುಗುವುದಲ್ಲದೆ, ಉತ್ತರದ ತುದಿಯು ತುಸು ಕೆಳಕ್ಕೆ ಬಾಗುವುದನ್ನು ಮಕ್ಕಳೇ ಕಾಣಲಿ. ಅನಂತರ ಹಲಗೆಯ ಮೇಲೆ ಭೂಮಿಯ ಚಿತ್ರವನ್ನು ಬರೆಯಿರಿ. ಒಳಗೆ ಸೂಜಿಗಲ್ಲಿನ ಪಟ್ಟಿಯನ್ನು ಬರೆಯಬೇಡಿರಿ. ತಿರುಪಿನಂತೆ ಏರಿಳಿಯುವ ದ್ರವಲೋಹದ ಹರಿವನ್ನು ಬರೆಯಿರಿ. ಶಿವನಸಮುದ್ರದ ಉದಾಹರಣೆಯನ್ನು ಕೊಡಿರಿ, ಗೌರಿಬಿದನೂರಿನ ಮಾತನ್ನು ಹೇಳಿರಿ. ಇದಕ್ಕೆಲ್ಲ ಪರಭಾಷೆಯ ಊರುಗೋಲು ಬೇಕಾದುದಿಲ್ಲ. ಸೂಜಿಗಲ್ಲು ಎಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದರ ಹಿಂದಿನ ಶಾಸ್ತ್ರವನ್ನೂ ನಮ್ಮ ನುಡಿಯಲ್ಲಿಯೇ ಹೇಳಬಹುದು.